ಗುಜರಿ ಟಿಸಿಎಂ ಹಾಕಿ ಎಎಂಟಿ ಗಾಡಿ ಓಡಿಸಿದ್ದು: ನನ್ನ ಅನುಭವ

ಗುಜರಿಯಿಂದ ತಂದ ಟಿಸಿಎಂ (ಗೇರ್, ಕ್ಲಚ್ ನಡೆಸುವ ಕಂಪ್ಯೂಟರ್ ಮಾಡ್ಯೂಲ್) ಹಾಕಿದರೆ ಎಎಂಟಿ ಗಾಡಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಗಾಡಿ, ಓಡಲ್ಲ ಅಂತ ನನಗೆ ಹೇಳಿದವರು ಐದಾರು ಜನ. ಅವರಲ್ಲಿ ಇಬ್ಬರು ನನಗಿಂತ ಹಿರಿಯ ಎಲೆಕ್ಟ್ರಿಷಿಯನ್‌ಗಳು, ನಾನು ಗೌರವ ಕೊಡುವವರು. ಆ ಗಾಡಿ ಓಡುತ್ತಾ ಈಗ ಹದಿನಾಲ್ಕು ತಿಂಗಳಾಯಿತು, ಹೆಚ್ಚುಕಡಿಮೆ 18 ಸಾವಿರ ಕಿಲೋಮೀಟರ್ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಚಿಕ್ಕಮಗಳೂರಿನಲ್ಲಿ ಸಣ್ಣ ಗ್ಯಾರೇಜು. ಗಾಡಿ ಆಲ್ದೂರು ಕಡೆಯ ಕಾಫಿ ತೋಟದ ಗೌಡರದ್ದು. ಐದು ಗೇರಿನ ಎಎಂಟಿ, ಆಯಿಲ್ ಒತ್ತಡದಿಂದ ಗೇರ್ ಹಾಕುವ ಹೈಡ್ರಾಲಿಕ್ ಮಾದರಿ; ಪಂಪು, ಒತ್ತಡ ಹಿಡಿದಿಡುವ ಅಕ್ಯುಮುಲೇಟರ್ ಇರುವಂಥದ್ದು. ಆರಿದ್ರಾ ಮಳೆ ಹಿಡಿದಿದ್ದ ದಿನಗಳಲ್ಲಿ ಚಾರ್ಮಾಡಿ ಘಾಟಿಯ ಏರು ತಿರುವಿನಲ್ಲಿ ಡಿಸ್‌ಪ್ಲೇಯಲ್ಲಿ 'ಎನ್' ಮಿಣುಕಿ ಗಾಡಿ ನ್ಯೂಟ್ರಲ್‌ಗೆ ಬಿತ್ತಂತೆ. ಹಿಂದೆ ಲಾರಿ, ಪಕ್ಕದಲ್ಲಿ ಪ್ರಪಾತ, ಗಾಡಿಯೊಳಗೆ ಮೊಮ್ಮಕ್ಕಳು. ಆಮೇಲೆ ಬೇರೊಂದು ಊರಿನ ವರ್ಕ್‌ಶಾಪಿನಲ್ಲಿ ಕ್ಲಚ್ ಸೆಟ್ ಬದಲಿಸಿ 17-18 ಸಾವಿರ ತೆಗೆದುಕೊಂಡರು. ಹದಿನೈದೇ ದಿನಕ್ಕೆ ಮತ್ತೆ ಅದೇ ಕತೆ. ಆಗ "ಟಿಸಿಎಂ ಹೋಗಿದೆ, ಹೊಸದಕ್ಕೆ ಕೋಡಿಂಗ್ ಸೇರಿ 50 ಸಾವಿರದ ಮೇಲಾಗುತ್ತೆ, ಮೂರು ವಾರ ಬೇಕು" ಅಂದರಂತೆ. ಗೌಡರು ಗಾಡಿಯನ್ನು ಪಿಕಪ್‌ಗೆ ಕಟ್ಟಿ ನನ್ನ ಹತ್ತಿರ ಎಳೆಸಿಕೊಂಡು ಬಂದರು. "ನೋಡು ಮಾರಾಯ, ನಿನ್ನ ಕೈಲಾದರೆ ಮಾಡು, ಆಗದಿದ್ದರೆ ಮಾರಿಬಿಡ್ತೀನಿ" ಅಂದರು.

ಸ್ಕ್ಯಾನರ್ ಹಾಕಿದರೆ ಟಿಸಿಎಂ ಉತ್ತರವನ್ನೇ ಕೊಡುತ್ತಿಲ್ಲ. ಎಂಜಿನ್ ಕಡೆಯ ಕಂಪ್ಯೂಟರಿನಲ್ಲಿ ಯು0101, ಅಂದರೆ 'ಟಿಸಿಎಂ ಜೊತೆ ಸಂಪರ್ಕ ತಪ್ಪಿದೆ' ಅನ್ನುವ ದೋಷದ ಕೋಡ್. ಇಲ್ಲಿಗೇ ಮಾಡ್ಯೂಲ್ ಸತ್ತಿದೆ ಅಂತ ತೀರ್ಮಾನ ಕೊಡುವವರು ಬಹಳ ಜನ. ನಾನು ಕೊಡುವುದಿಲ್ಲ. ಬ್ಯಾಟರಿ ಕಳಚಿ, ಸ್ಕ್ಯಾನರ್ ಹಾಕುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ 60 ಓಮ್, ಮಾಡ್ಯೂಲುಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ಲೈನ್ ಸರಿ ಇದೆ. ಟಿಸಿಎಂಗೆ ವೈರುಗಳು ಕೂರುವ ಕಪ್ಲರ್ ಬಿಚ್ಚಿ ಪವರ್ ಮತ್ತು ಅರ್ಥ್ ಪಿನ್ನುಗಳಿಗೆ 21 ವ್ಯಾಟ್ ಬಲ್ಬ್ ಹಾಕಿ ನೋಡಿದೆ. ಮೀಟರ್ ಒಂದನ್ನೇ ನಂಬಬೇಡಿ. ವೈರಿನ ಒಂದೇ ಎಳೆ ಉಳಿದಿದ್ದರೂ ಮೀಟರಿನಲ್ಲಿ 12 ವೋಲ್ಟ್ ಬರುತ್ತದೆ, ಬಲ್ಬ್ ಮಾತ್ರ ಮಂಕಾಗುತ್ತದೆ. ನಮ್ಮದು ಚೆನ್ನಾಗಿಯೇ ಉರಿಯಿತು. ಹಾಗಾದರೆ ತೊಂದರೆ ಡಬ್ಬಿಯ ಒಳಗೇ.

ಅದನ್ನು ಖಚಿತ ಮಾಡಿಕೊಳ್ಳಲು ಒಂದು ಪ್ರಯೋಗ ಮಾಡಿದೆ. ಮಾಡ್ಯೂಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಮನೆಯ ಫ್ರೀಜರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ತಂದು ಹಾಕಿದೆ, ಉಸಿರೇ ಇಲ್ಲ. ಹೇರ್ ಡ್ರೈಯರಿನಿಂದ ಬಿಸಿ ಮಾಡುತ್ತಾ ಹೋದಂತೆ ಸ್ಕ್ಯಾನರಿಗೆ ಸಿಕ್ಕಿತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ಬಿಚ್ಚಿ ನೋಡಿದರೆ ಕಪ್ಲರ್ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು, ರೆಗ್ಯುಲೇಟರಿನ ಕಾಲಿನ ಹತ್ತಿರ ಬೋರ್ಡಿನ ಲೈನು ತಿಂದುಹೋಗಿತ್ತು.

ನೀರು ಎಲ್ಲಿಂದ ಬಂತು? ಮುಚ್ಚಳದ ಸೀಲು ಸರಿಯಾಗಿಯೇ ಇತ್ತು, ಅಲ್ಲಿಂದಲ್ಲ. ವೈರಿಂಗಿನ ಟೇಪು ಬಿಚ್ಚುತ್ತಾ ಹೋದಾಗ ಸಿಕ್ಕಿತು. ರಿವರ್ಸ್ ಕ್ಯಾಮೆರಾ ಹಾಕಿದವರು ಯಾರೋ ಸಿಗ್ನಲ್ಲಿಗಾಗಿ ಬಾನೆಟ್ಟಿನೊಳಗೆ ವೈರ್ ಸುಲಿದು ಸುತ್ತಿ ಬರೀ ಟೇಪು ಹೊಡೆದಿದ್ದರು. ಆ ಗಾಯದಿಂದ ಇಳಿದ ಮಳೆನೀರು ತಾಮ್ರದ ಎಳೆಗಳ ಸಂದಿಯಲ್ಲೇ ಹರಿದು, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ, ಕಪ್ಲರಿನ ಒಳಗಿಂದ ಬೋರ್ಡಿಗೆ ಹೋಗಿದೆ. ಇದನ್ನು ಹುಡುಕದೆ 50 ಸಾವಿರದ ಹೊಸ ಮಾಡ್ಯೂಲ್ ಹಾಕಿದ್ದರೆ ಮುಂದಿನ ಮಳೆಗಾಲಕ್ಕೆ ಅದೂ ಹೋಗುತ್ತಿತ್ತು. ಈ ಕೆಲಸದಲ್ಲಿ ನನಗೆ ಹೆಚ್ಚು ಹೆಮ್ಮೆ ಇರುವುದು ಮುಂದೆ ಹೇಳುವ ಚಿಪ್ ಕೆಲಸದ ಬಗ್ಗೆ ಅಲ್ಲ, ಈ ವೈರ್ ಹುಡುಕಿದ್ದರ ಬಗ್ಗೆ.

ಮೊದಲು ರಿಪೇರಿಗೇ ಪ್ರಯತ್ನಪಟ್ಟೆ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬೋರ್ಡ್ ತೊಳೆದು, ತಿಂದುಹೋದ ಲೈನಿನ ಬದಲು ಜಂಪರ್ ವೈರ್ ಎಳೆದು ಕೂರಿಸಿದೆ. ನಾಲ್ಕು ದಿನ ಓಡಿತು. ಐದನೇ ದಿನ ಬೆಳಿಗ್ಗೆ ಗೌಡರ ಫೋನ್, ಗಾಡಿ ಆಲ್ದೂರು ಪೇಟೆಯಲ್ಲೇ ನಿಂತಿತ್ತು. ಆ ದಿನ ಎಳೆಸಿಕೊಂಡು ಬಂದ ಖರ್ಚು ನಾನೇ ಕೊಟ್ಟೆ.

ಆಮೇಲೆ ಬೆಂಗಳೂರಿಗೆ ಹೋಗಿ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಇಡೀ ದಿನ ಸುತ್ತಿದೆ. 6,500ಕ್ಕೆ ಒಂದು ಸಿಕ್ಕಿತು. ಡಬ್ಬಿ ಅದೇ, ಕಪ್ಲರ್ ಅದೇ. ಲೇಬಲ್ಲಿನ ಕೊನೆಯ ಎರಡು ಅಕ್ಷರ ಮಾತ್ರ ಬೇರೆ, ಏನಾಗುತ್ತೆ ಅಂತ ತಂದೆ. ಅದು ಬೇರೆ ಎಂಜಿನ್ನಿನ ಸಾಫ್ಟ್‌ವೇರ್, ಕೆಲಸಕ್ಕೆ ಬರಲಿಲ್ಲ. ವಾಪಸ್ ತೆಗೆದುಕೊಳ್ಳಲಿಲ್ಲ, ಆ ದುಡ್ಡು ನನ್ನ ಜೇಬಿನಿಂದ ಹೋಯಿತು. ಲೇಬಲ್ಲಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇದ್ದರೂ ಮುಟ್ಟಬೇಡಿ. ಎರಡನೆಯದು ಹಾಸನದ ಪರಿಚಯದವರೊಬ್ಬರ ಮೂಲಕ, ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯದ್ದು, 8 ಸಾವಿರ. ನಂಬರ್ ಪೂರ್ತಿ ಹೊಂದಿತು.

ಹಾಕಿದೆ. ಸ್ಕ್ಯಾನರಿನಲ್ಲಿ ಮಾತಾಡಿತು, ಸೆಲ್ಫ್ ಮಾತ್ರ ಹೊಡೆಯಲಿಲ್ಲ. ಅದರೊಳಗೆ ಕೂತಿರುವುದು ಇನ್ನೊಂದು ಗಾಡಿಯ ಲೆಕ್ಕ: ಅದರ ಚಾಸಿಸ್ ನಂಬರ್, ಅದರ ಕ್ಲಚ್ಚಿನ ಸವೆತ, ಅದರ ಗೇರ್ ಸ್ಥಾನಗಳು. ನಮ್ಮ ಗಾಡಿ ನ್ಯೂಟ್ರಲ್‌ನಲ್ಲಿದ್ದರೂ ಅದಕ್ಕೆ ನ್ಯೂಟ್ರಲ್ ಅನಿಸುತ್ತಿಲ್ಲ. ಸ್ಟಾರ್ಟ್ ಮಾಡಲು ಬಿಡುವುದಾದರೂ ಹೇಗೆ? ಎಲ್ಲರೂ "ಓಡಲ್ಲ" ಅಂದದ್ದು ಈ ಜಾಗದವರೆಗೆ ಬಂದು ಕೈಬಿಟ್ಟಿದ್ದಕ್ಕೇ.

ಗಾಡಿಯ ಹಳೇ ಮಾಡ್ಯೂಲಿನಲ್ಲಿ ಈ ಲೆಕ್ಕ ಇಟ್ಟುಕೊಳ್ಳುವುದು ಎಂಟು ಕಾಲಿನ ಇಇಪ್ರಾಮ್ ಅನ್ನುವ ಮೆಮೊರಿ ಚಿಪ್, ಅದರಲ್ಲಿರುವ ಮಾಹಿತಿಯನ್ನು ಇದಕ್ಕೆ ತರಬೇಕು. ಕ್ಲಿಪ್ ಹಾಕಿ ಬೋರ್ಡಿನ ಮೇಲೇ ಓದಿದೆ. ಮೂರು ಸಲ ಓದಿದರೆ ಮೂರು ಬೇರೆ ಬೇರೆ ಫೈಲ್. ಚಿಪ್ ಓದುವ ಪ್ರೋಗ್ರಾಮರ್ ಯಂತ್ರ ಕೊಡುವ ಕರೆಂಟನ್ನು ಇಡೀ ಬೋರ್ಡೇ ಕುಡಿಯುತ್ತದೆ, ಚಿಪ್ಪಿಗೆ ಸಾಲುವುದಿಲ್ಲ. ಹಾಟ್ ಏರಿನಲ್ಲಿ ಚಿಪ್ ಎಬ್ಬಿಸಿ ಓದಿದೆ. ಈಗ ಮೂರೂ ಒಂದೇ. ಗುಜರಿಯದರ ಮೂಲ ಫೈಲನ್ನೂ ಉಳಿಸಿಕೊಂಡೆ. ಪೂರ್ತಿ ಫೈಲನ್ನು ಹಾಗೇ ಸುರಿದರೆ ಆಗುವುದಿಲ್ಲ, ಹಳೇ ಮಾಡ್ಯೂಲಿನ ದೋಷದ ದಾಖಲೆಯೂ ಜೊತೆಗೆ ಬಂದು ಪಂಪನ್ನೇ ತಡೆಯುತ್ತದೆ. ನನಗೆ ಹಾಗೇ ಆಯಿತು. ಎರಡು ಕಡೆ ತಿದ್ದಬೇಕು, ಆಮೇಲೆ ಫೈಲ್ ಸರಿ ಇದೆಯೇ ಅಂತ ತಾಳೆ ನೋಡುವ ಸಂಖ್ಯೆ, ಚೆಕ್‌ಸಮ್ ಅನ್ನೂ ಸರಿಮಾಡಬೇಕು. ಎಲ್ಲೆಲ್ಲಿ ಅನ್ನುವುದನ್ನು ಬರೆಯುವುದಿಲ್ಲ. ಅದಕ್ಕಾಗಿ ಹನ್ನೊಂದು ರಾತ್ರಿ ಕೂತಿದ್ದೇನೆ, ಅದು ನನ್ನ ಅನ್ನ.

ಸೆಲ್ಫ್ ಹೊಡೆಯಿತು, ಎಂಜಿನ್ ಸ್ಟಾರ್ಟ್ ಆಯಿತು. ನಮ್ಮ ಹುಡುಗ "ಅಣ್ಣಾ!" ಅಂತ ಕೂಗಿದ. ಆದರೆ ಕ್ಲಚ್ ಲರ್ನಿಂಗ್, ಅಂದರೆ ಈ ಗಾಡಿಯ ಕ್ಲಚ್, ಗೇರ್ ಸ್ಥಾನಗಳನ್ನು ಮಾಡ್ಯೂಲಿಗೆ ಸ್ಕ್ಯಾನರಿನಿಂದ ಕಲಿಸುವ ಕೆಲಸ, ಅರ್ಧಕ್ಕೇ ಫೇಲ್. ಪಂಪ್ ಮೋಟಾರು ಎಳೆಯುವಾಗ ಬ್ಯಾಟರಿ 11 ವೋಲ್ಟಿನ ಹತ್ತಿರ ಇಳಿಯುತ್ತಿತ್ತು. ಚಾರ್ಜರ್ ಕಟ್ಟಿ 13ರ ಮೇಲೆ ನಿಲ್ಲಿಸಿದೆ. ಮತ್ತೆ ಫೇಲ್. ತಲೆ ಕೆಟ್ಟುಹೋಯಿತು. ಕೊನೆಗೆ ಎಎಂಟಿ ಪಂಪಿನ ಆಯಿಲ್ ಡಬ್ಬಿ ನೋಡಿದರೆ ಮಟ್ಟ ಮಿನಿಮಮ್‌ಗಿಂತ ಕೆಳಗೆ. ಕ್ಲಚ್ ಬದಲಿಸಿದವರು ಲೈನ್ ಬಿಚ್ಚಿ, ಗಾಳಿ ತೆಗೆಯದೆ ಬಿಟ್ಟಿದ್ದರು. ಅದಕ್ಕೆ ಬೇರೆಯದೇ ಆಯಿಲ್, ಬ್ರೇಕ್ ಆಯಿಲ್ ಸುರಿದುಬಿಟ್ಟೀರಿ. ಲೈನ್ ಮುಟ್ಟುವ ಮುಂಚೆ ಸ್ಕ್ಯಾನರಿನಿಂದ ಪ್ರೆಶರ್ ಇಳಿಸಿ. ಒಳಗೆ 40-50 ಬಾರ್ ಇರುತ್ತದೆ, ಕಣ್ಣಿಗೆ ಹೊಡೆದರೆ ಕಣ್ಣೇ ಹೋಗುತ್ತದೆ. ಆಯಿಲ್ ತುಂಬಿ, ಗಾಳಿ ತೆಗೆದು, ಎಂಜಿನ್ ಬಿಸಿ ಮಾಡಿ, ಸಮತಟ್ಟು ನೆಲದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ಮತ್ತೆ ಹಾಕಿದೆ. ಐದಾರು ನಿಮಿಷ ಗೇರುಗಳು ಒಂದೊಂದೇ ಟಕ್ ಟಕ್ ಅಂತ ಕೂತವು. ಲರ್ನಿಂಗ್ ಓಕೆ.

ಮರುದಿನ ಬೆಳಗಿನ ಜಾವ ಕೈಮರ ದಾಟಿ ಸೀತಾಳಯ್ಯನಗಿರಿಗೆ ಹತ್ತಿಸಿದೆ. ಏರಿನಲ್ಲಿ ಬೇಕೆಂದೇ ನಿಲ್ಲಿಸಿ ನಿಲ್ಲಿಸಿ ಎತ್ತಿದೆ. ಒಂದು ಸಲವೂ 'ಎನ್' ಮಿಣುಕಲಿಲ್ಲ. ಆ ವಾರವೇ ಗೌಡರನ್ನು ಕೂರಿಸಿಕೊಂಡು ಸುರಿಯುವ ಮಳೆಯಲ್ಲಿ ಚಾರ್ಮಾಡಿ ಇಳಿದು ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಂದೆವು. ಬರುವಾಗ ಗಾಡಿ ಅವರೇ ಓಡಿಸಿದರು.

ಲೆಕ್ಕ ಕೇಳುವವರಿಗೆ: ಎರಡನೇ ಮಾಡ್ಯೂಲ್ 8 ಸಾವಿರ, ಹೊಸ ಕಪ್ಲರ್, ವೈರು, ಆಯಿಲ್ ಸೇರಿ ಎರಡೂವರೆ ಸಾವಿರದ ಆಸುಪಾಸು, ನನ್ನ ಕೂಲಿ 9 ಸಾವಿರ. ಗೌಡರಿಗೆ ಬಿದ್ದದ್ದು 20 ಸಾವಿರದ ಒಳಗೆ. ಮೊದಲ ಮಾಡ್ಯೂಲು, ಓಡಾಟ ಕಳೆದರೆ ನನಗೆ ಉಳಿದದ್ದು ಸಾವಿರ ಚಿಲ್ಲರೆ. ಆದರೆ ಅದೇ ದಾರಿಯಲ್ಲಿ ಆಮೇಲೆ ಇನ್ನೂ ಮೂರು ಗಾಡಿ ಮಾಡಿದ್ದೇನೆ, ಒಂದೊಂದಕ್ಕೆ ಎರಡೇ ದಿನ.

ಈಗ ಮೂಡಿಗೆರೆಯಿಂದ ಒಂದು ಬಂದು ನಿಂತಿದೆ. ಅದರಲ್ಲಿ ಹೊರಗೆ ಇಇಪ್ರಾಮ್ ಚಿಪ್ಪೇ ಇಲ್ಲ, ಎಲ್ಲವೂ ಪ್ರೊಸೆಸರ್ ಒಳಗೇ. ಅದನ್ನು ಓದಲು ಬೇರೆ ಟೂಲ್ ಬೇಕು, ಅಡ್ವಾನ್ಸ್ ಕೊಟ್ಟು ಕಾಯುತ್ತಿದ್ದೇನೆ.