ಹರವಿ ಹೂಳಿ, ಬೇಸಿಗೆಯಲ್ಲೂ ಪಲ್ಲೆ ಬೆಳೆಯಿರಿ

ಯುಗಾದಿ ಮುಗಿಯಿತೆಂದರೆ ಗದಗ, ಹುಬ್ಬಳ್ಳಿ ಕಡೆ ಬಹಳ ಮನೆಗಳಲ್ಲಿ ಹಿತ್ತಲಿಗೆ ರಜೆ. ಕುಡಿಯುವ ನೀರಿಗೇ ಕಾಯಬೇಕು, ಇನ್ನು ಗಿಡಕ್ಕೆಲ್ಲಿಂದ ತರುವುದು ಅಲ್ವಾ? ಆದರೆ ಬಿಸಿಲಲ್ಲಿ ಗಿಡ ಸಾಯುವುದು ನೀರು ಕೊಡದ್ದಕ್ಕಿಂತ, ಕೊಟ್ಟ ನೀರು ಮಣ್ಣಲ್ಲಿ ನಿಲ್ಲದ್ದಕ್ಕೇ ಜಾಸ್ತಿ. ಅದನ್ನು ನಿಲ್ಲಿಸಿಕೊಂಡರೆ ಹತ್ತಡಿ ಜಾಗದಲ್ಲೂ ರೊಟ್ಟಿ ಜೊತೆಗಿಷ್ಟು ಪಲ್ಲೆ ಸಿಗುತ್ತದೆ.

ಮೊದಲು ಮಣ್ಣು

ನಿಮ್ಮದು ಎರೆಯೋ (ಕಪ್ಪು ಮಣ್ಣು) ಮಸಾರಿಯೋ (ಕೆಂಪು ಮಣ್ಣು) ನೋಡಿಕೊಳ್ಳಿ. ಎರೆ ಮಣ್ಣು ಒಣಗಿದರೆ ಬಾಯಿ ಬಿಡುತ್ತದೆ. ಆ ಬಿರುಕಿಗೆ ಕೊಡಗಟ್ಟಲೆ ನೀರು ಸುರಿದರೂ ಸೀದಾ ಕೆಳಗಿಳಿಯುತ್ತದೆ, ಬೇರಿಗೆ ದಕ್ಕುವುದಿಲ್ಲ. ಹಾಗಾಗಿ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಮೇಲಿನ ಎರಡಿಂಚು ಮಣ್ಣು ಸಡಿಲ ಮಾಡಿ, ಬಿರುಕು ತುಂಬಿಸಿ, ಆಮೇಲೆ ನೀರು ಬಿಡಿ. ಮಸಾರಿಯಾದರೆ ತಿಪ್ಪೆಗೊಬ್ಬರ ಜಾಸ್ತಿ ಬೇಕು. ಗೊಬ್ಬರ ಪೂರ್ತಿ ಕಳಿತಿರಲಿ, ಹಸಿ ಸಗಣಿ ಹಾಕಿದರೆ ಗೆದ್ದಲು ಏಳುತ್ತದೆ.

ಮಳೆಗಾಲದಲ್ಲಿ ಮಡಿ ಎತ್ತರಿಸುತ್ತೇವೆ. ಬೇಸಿಗೆಯಲ್ಲಿ ಉಲ್ಟಾ: ಸುತ್ತಲಿನ ನೆಲಕ್ಕಿಂತ ಮೂರ್ನಾಲ್ಕು ಇಂಚು ತಗ್ಗಿಸಬೇಕು.

ಹರವಿ ಹೂಳುವುದು

ಹೂತ ಹರವಿಯ (ಮಣ್ಣಿನ ಗಡಿಗೆ) ಮೈಯಿಂದ ನೀರು ಮೆಲ್ಲಗೆ ಜಿನುಗಿ ಸೀದಾ ಬೇರಿಗೆ ಸಿಗುತ್ತದೆ. ಎಂಟು-ಹತ್ತು ಲೀಟರ್ ಹಿಡಿಯುವಂಥದ್ದು ತನ್ನಿ. ಬಣ್ಣ, ಪಾಲಿಶ್ ಯಾವುದೂ ಇರಬಾರದು. ಮನೆಯಲ್ಲಿ ನೀರು ತಂಪಾಗದ ಹಳೇ ಹರವಿ ಇದೆಯಲ್ಲ, ಅದನ್ನೇ ಹೂಳೋಣ ಅಂತ ಎಲ್ಲರಿಗೂ ಅನಿಸುತ್ತದೆ. ಅದು ಕೆಲಸಕ್ಕೆ ಬಾರದು. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಅದರ ಸಣ್ಣ ರಂಧ್ರಗಳು ಮುಚ್ಚಿರುತ್ತವೆ. ತಂಪಾಗದಿರುವುದಕ್ಕೂ ಅದೇ ಕಾರಣ. ಅದರ ಬದಲು ಕುಂಬಾರರ ಹತ್ತಿರ ಕಂಠ ಒಡೆದ ಹೊಸ ಹರವಿ ಕೇಳಿ, ಕಡಿಮೆಗೆ ಕೊಡುತ್ತಾರೆ. ನೀರು ತುಂಬಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಹೊರಮೈ ಮುಟ್ಟಿದರೆ ಕೈಗೆ ಒದ್ದೆ ಹತ್ತಬೇಕು.

ಮಡಿಯ ನಡುವೆ ಗುಂಡಿ ತೋಡಿ, ಬಾಯಿ ಮಾತ್ರ ಮೇಲೆ ಕಾಣುವಂತೆ ಹೂಳಿ. ಸುತ್ತ ಮಣ್ಣನ್ನು ಕೈಯಿಂದ ಒತ್ತಿ. ಹರವಿಗೂ ಮಣ್ಣಿಗೂ ನಡುವೆ ಸಂದು ಉಳಿದರೆ ನೀರು ಜಿನುಗಿದರೂ ಬೇರಿಗೆ ತಲುಪದು. ಅರ್ಧ ಅಡಿ ದೂರದಲ್ಲಿ ಬೀಜ ಊರಿ, ಬೀಜ ಮೊಳೆಯುವವರೆಗೆ ಮೇಲಿಂದಲೂ ಸ್ವಲ್ಪ ನೀರು ಚಿಮುಕಿಸಿ. ಬಾಯಿಗೆ ಮುಚ್ಚಳ ಇರಲೇಬೇಕು, ಇಲ್ಲದಿದ್ದರೆ ಸೊಳ್ಳೆ ಸಂತೆ. ಮೂರ್ನಾಲ್ಕು ದಿನಕ್ಕೊಮ್ಮೆ ತುಂಬಿಸಿದರೆ ಸಾಕು.

ಉಳಿದ ನೆಲಕ್ಕೆ ಶೇಂಗಾ ಹೊಟ್ಟು, ಕಬ್ಬಿನ ರವದಿ (ಒಣ ಎಲೆ), ಏನು ಸಿಗುತ್ತೋ ಅದನ್ನು ಎರಡು-ಮೂರು ಇಂಚು ಹೊದಿಸಿ. ಗಿಡದ ಬುಡಕ್ಕೆ ತಾಗಿಸಬೇಡಿ.

ಏನು ಹಚ್ಚಬೇಕು

ಬೆಂಡಿ, ಚವಳಿ (ಗೋರಿಕಾಯಿ), ಹೀರೆ, ಸವತಿ, ರಾಜಗಿರಿ ಸೊಪ್ಪು. ಕೊತ್ತಂಬರಿ ಹಟ ಬೇಡ, ಈ ಬಿಸಿಲಿಗೆ ಬೇಗ ಹೂವಿಗೆ ಬರುತ್ತದೆ. ರಾಜಗಿರಿ ಬೀಜಕ್ಕೆ ಮರಳು ಬೆರೆಸಿ ಉದುರಿಸಿ, ಹೆಚ್ಚುಕಡಿಮೆ ತಿಂಗಳಿಗೆ ಪಲ್ಲೆ ಸಿಗುತ್ತದೆ. ಬೆಂಡಿ ಬೀಜ ರಾತ್ರಿ ನೆನೆಸಿ ಊರಿದರೆ 45-50 ದಿನಕ್ಕೆ ಕಾಯಿ. ಎಲೆಯ ನರ ಹಳದಿ ತಿರುಗಿದ ಬೆಂಡಿ ಗಿಡ ಕಂಡರೆ ಕನಿಕರ ಪಡದೆ ಕಿತ್ತುಬಿಡಿ. ಆ ರೋಗವನ್ನು ಬಿಳಿ ನೊಣ ಗಿಡದಿಂದ ಗಿಡಕ್ಕೆ ಹರಡುತ್ತದೆ, ಔಷಧ ಹೊಡೆದರೂ ಆ ಗಿಡ ಸುಧಾರಿಸುವುದಿಲ್ಲ. ಉಳಿದವಕ್ಕೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಚೂರು ಸೋಪು ಕಲಸಿ ಸಂಜೆ ಹೊಡೆಯಿರಿ.

ಹೀರೆ ಬಳ್ಳಿಯ ತಕರಾರೇ ಬೇರೆ. ಹೂವು ರಾಶಿ, ಕಾಯಿ ಇಲ್ಲ! ಬಿಸಿಲು ಜೋರಿದ್ದಾಗ ಗಂಡು ಹೂವೇ ಜಾಸ್ತಿ ಬರುತ್ತವೆ. ಮೇಲಾಗಿ ಹೀರೆ ಹೂವು ಅರಳುವುದು ಸಂಜೆ, ಜೇನುನೊಣ ಗೂಡಿಗೆ ಮರಳುವ ಹೊತ್ತು. ಆ ಕೆಲಸ ನೀವೇ ಮಾಡಿ. ಗಂಡು ಹೂವು ಗೊಂಚಲಲ್ಲಿರುತ್ತದೆ. ಹೆಣ್ಣು ಹೂವಿನ ಹಿಂದೆ ಕಿರುಬೆರಳಿನಷ್ಟು ಹೀರೆ ಪಿಂದೆ ಇರುತ್ತದೆ, ಗುರುತು ತಪ್ಪುವುದಿಲ್ಲ. ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಒಳಗಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಎರಡು-ಮೂರು ದಿನದಲ್ಲಿ ಪಿಂದೆ ಉಬ್ಬಿದರೆ ಗೆದ್ದಿರಿ. ಹಳದಿಯಾಗಿ ಉದುರಿದರೆ ನಾಳೆ ಸಂಜೆ ಮತ್ತೊಂದು ಹೂವು.

ಬಚ್ಚಲ ನೀರು

ಸ್ನಾನದ ನೀರನ್ನು ಬಾಳೆ, ತೆಂಗಿಗೆ ತಿರುಗಿಸಿ. ಸೊಪ್ಪಿನ ಮಡಿಗೆ ಬೇಡ. ಬಟ್ಟೆ ಒಗೆದ ಪುಡಿ ನೀರಂತೂ ಎರೆ ಮಣ್ಣಿಗೆ ಬಿಡಲೇಬಾರದು, ಅದರ ಸೋಡಾಕ್ಕೆ ನೆಲ ಗಟ್ಟಿ ಹೆಂಟೆ ಕಟ್ಟುತ್ತದೆ. ಅಕ್ಕಿ, ಬೇಳೆ ತೊಳೆದ ನೀರು ಕರಿಬೇವಿಗೆ ಹಾಕಿ. ಸಣ್ಣ ಸಸಿಗಳಿಗೆ ಪಡುವಣ ಬಿಸಿಲು ತಾಗದಂತೆ ನಾಲ್ಕು ಗೂಟ ನೆಟ್ಟು ಹಳೇ ಕಾಟನ್ ಸೀರೆ ಕಟ್ಟಿ. ಶಂಡಿಗೆ ಒಣಗಿಸಲು ಮಾಳಿಗೆಗೆ ಹಾಸಿದ ಸೀರೆ ಮಾತ್ರ ಕೇಳಬೇಡಿ, ಮನೆಯಲ್ಲಿ ಜಗಳವಾದೀತು.

ಮೇ ತಿಂಗಳಲ್ಲಿ ಗುಡುಗು, ಗಾಳಿ ಸಮೇತ ಅಡ್ಡಮಳೆ ಬರುತ್ತದೆ. ಅಷ್ಟರಲ್ಲಿ ಹೀರೆ ಚಪ್ಪರದ ಗೂಟ ಬಿಗಿ ಮಾಡಿಕೊಳ್ಳಿ, ಸೀರೆ ಬಿಚ್ಚಿಡಿ. ಮುಂಗಾರಿಗೆ ಬ್ಯಾಡಗಿ ಮೆಣಸಿನಕಾಯಿ ಹಚ್ಚುವ ಮನಸ್ಸಿದ್ದರೆ ಬೀಜವನ್ನು ಮೇ ತಿಂಗಳಲ್ಲೇ ಸಸಿಮಡಿಗೆ ಹಾಕಿ, ಸಸಿ ಕಿತ್ತು ನೆಡಲು ಆರು ವಾರ ಬೇಕು. ಮಳೆ ಹಿಡಿದ ಮೇಲೆ ಹರವಿ ಕಿತ್ತು, ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಒಣಗಿಸಿ ಬೋರಲು ಹಾಕಿಡಿ.