ಬ್ಲೂಗ್ರಾಸ್ ಜಾಮ್‌ಗೆ ಹೋಗುವ ಮುನ್ನ ಚಾಪ್ ಕಲಿಯಿರಿ

ಅಮೆರಿಕದ ವರ್ಜೀನಿಯಾದ ಫ್ಲಾಯ್ಡ್ ಎಂಬ ಪುಟ್ಟ ಊರಿನಲ್ಲಿ ಶುಕ್ರವಾರ ಸಂಜೆ ಕಂಟ್ರಿ ಸ್ಟೋರ್‌ನ ಒಳಗೆ ಕುಣಿತ ನಡೆಯುತ್ತಿದ್ದರೆ, ಹೊರಗೆ ಬೀದಿಯಲ್ಲಿ ಐದಾರು ಮಂದಿ ವಾದ್ಯ ಹಿಡಿದು ದುಂಡಗೆ ನಿಂತಿರುತ್ತಾರೆ. ತಂತಿವಾದ್ಯಗಳ ಬ್ಲೂಗ್ರಾಸ್ ಸಂಗೀತವನ್ನು ಹೀಗೆ ಕೂಡಿ ನುಡಿಸುವುದಕ್ಕೆ ಜಾಮ್ ಎನ್ನುತ್ತಾರೆ. ಮ್ಯಾಂಡೊಲಿನ್ ಹಿಡಿದು ನಾನು ಮೊದಲ ಸಲ ಹೊಕ್ಕಿದ್ದು ಅಂಥದೊಂದು ಗುಂಪಿನೊಳಗೆ. ಚಿಕ್ಕಂದಿನಲ್ಲಿ ಪಿಟೀಲು ಕಲಿತವಳು. ಹಾಡುವವರನ್ನು ನೆರಳಿನಂತೆ ಹಿಂಬಾಲಿಸುವುದೇ ಪಕ್ಕವಾದ್ಯ ಎಂದು ಕೈಗೆ ರೂಢಿಯಾಗಿತ್ತು. ಒಬ್ಬರು ಹಾಡುತ್ತಿದ್ದಾಗ ಸಾಲು ಸಾಲಿಗೂ ಸ್ವರ ಪೋಣಿಸುತ್ತಾ ಹೋದೆ. ಹಾಡು ಮುಗಿದ ಮೇಲೆ ಪಕ್ಕದಲ್ಲಿದ್ದ ಬ್ಯಾಂಜೊ ಅಜ್ಜ ಮೆಲ್ಲಗೆ ಹೇಳಿದರು: “ಇಲ್ಲಿ ಡ್ರಮ್ ಇಲ್ಲ, ಮಗೂ. ನೀನೇ ಡ್ರಮ್.”

ಆ ಮಾತು ಈ ಸಂಗೀತದ ಬಾಗಿಲನ್ನೇ ತೆರೆಯಿತು. ನಾಲ್ಕು ಎಣಿಕೆಯಲ್ಲಿ ಒಂದನೆಯ ಮತ್ತು ಮೂರನೆಯ ಪೆಟ್ಟು ಬಾಸ್ ವಾದ್ಯದ್ದು. ಎರಡನೆಯದು ಮತ್ತು ನಾಲ್ಕನೆಯದು ಮ್ಯಾಂಡೊಲಿನ್‌ನದು. ಆ ಗಿಡ್ಡನೆಯ, ಒಣ ಪೆಟ್ಟನ್ನು ಚಾಪ್ ಎನ್ನುತ್ತಾರೆ. ಚಾಪ್ ಗಟ್ಟಿಯಾಗಿದ್ದರೆ ಒಂದು ರಾಗವೂ ಬಾರದವರಿಗೂ ಗುಂಪಿನಲ್ಲಿ ಜಾಗ ಸಿಗುತ್ತದೆ.

ಜಿ ಕಾರ್ಡ್‌ನಿಂದ, ಎಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ಮೊಳಗಿಸುವ ಹಿಡಿತದಿಂದ, ಆರಂಭಿಸಿ. ಮ್ಯಾಂಡೊಲಿನ್‌ಗೆ ನಾಲ್ಕು ಜೋಡಿ ತಂತಿ. ದಪ್ಪ ತಂತಿಯ ಕಡೆಯಿಂದ ಒತ್ತಬೇಕಾದ ಫ್ರೆಟ್‌ಗಳು (ಕತ್ತಿನ ಮೇಲಿನ ಮೆಟ್ಟಿಲುಗಳು) 7, 5, 2, 3. ಅದೇ ಕ್ರಮದಲ್ಲಿ ಕಿರುಬೆರಳು, ಉಂಗುರಬೆರಳು, ತೋರುಬೆರಳು, ನಡುಬೆರಳು. ಕಿರುಬೆರಳು ಏಳನೆಯ ಫ್ರೆಟ್‌ಗೆ ಎಟುಕದಿದ್ದರೆ ಆ ಜೋಡಿ ತಂತಿಯನ್ನು ಬಿಟ್ಟು ಉಳಿದ ಮೂರನ್ನೇ ನುಡಿಸಿ. ನಾನು ಮೊದಲ ಮೂರು ತಿಂಗಳು ಹಾಗೆಯೇ ನುಡಿಸಿದೆ. ಗುಟ್ಟಿರುವುದು ಎಡಗೈಯಲ್ಲಿ. ಮೀಟುವ ಬಿಲ್ಲೆಯಾದ ಪಿಕ್ ತಂತಿಗಳನ್ನು ದಾಟಿದ ಕ್ಷಣವೇ ಒತ್ತಡ ಸಡಿಲಿಸಿ, ಆದರೆ ಬೆರಳುಗಳು ತಂತಿಯನ್ನು ಬಿಟ್ಟು ಮೇಲೇಳಬಾರದು. ಎದ್ದರೆ ತೆರೆದ ತಂತಿಗಳು ಝಣ್ ಎಂದು ಮೊಳಗುತ್ತವೆ. ಒತ್ತಿಯೇ ಹಿಡಿದರೆ ನಾದ ಎಳೆದುಕೊಂಡು ಹೋಗಿ ಬಾಸ್‌ನ ಪೆಟ್ಟನ್ನು ಮುಚ್ಚಿಬಿಡುತ್ತದೆ. ಸರಿಯಾಗಿ ಬಂದಾಗ ಕೇಳಿಸುವುದು ಒಣಕಟ್ಟಿಗೆ ಸೀಳಿದ ಸದ್ದು, ಅದರೊಳಗೆ ಸ್ವರದ ಒಂದು ಎಳೆ. ಪಿಕ್ ಒಂದು ಮಿಲಿಮೀಟರ್‌ಗಿಂತ ತೆಳ್ಳಗಿದ್ದರೆ ಈ ಸದ್ದು ಬರುವುದು ಕಷ್ಟ.

ಲಯ ತೋರಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 80 ಟಿಕ್‌ಗೆ ಇಟ್ಟು, ಪ್ರತಿ ಟಿಕ್ಕನ್ನೂ ಎರಡು ಅಥವಾ ನಾಲ್ಕು ಎಂದು ಎಣಿಸಿ. ಒಂದು, ಮೂರನ್ನು ಪಾದದಿಂದ ತಟ್ಟಿ. ಮೊದಲ ದಿನ ತಲೆ ಸುತ್ತುತ್ತದೆ, ವಾರದೊಳಗೆ ಒಗ್ಗುತ್ತದೆ. ಆಮೇಲೆ ಅದೇ ಹಿಡಿತವನ್ನು ಎರಡು ಫ್ರೆಟ್ ಮೇಲಕ್ಕೆ ಜರುಗಿಸಿದರೆ ಎ, ನಾಲ್ಕು ಜರುಗಿಸಿದರೆ ಬಿ. ಬ್ಯಾಂಜೊ, ಗಿಟಾರ್‌ನವರು ಶ್ರುತಿ ಏರಿಸಲು ತಂತಿಗಳನ್ನು ಒತ್ತಿ ಹಿಡಿಯುವ ಕೇಪೊ ಎಂಬ ಪಟ್ಟಿ ಕಟ್ಟುತ್ತಾರೆ, ನಮಗೆ ಅದು ಬೇಡ. ಆದರೆ ಗಿಟಾರ್ ವಾದಕರ ಎಡಗೈ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ: ಕೇಪೊ ಎರಡನೆಯ ಫ್ರೆಟ್‌ನಲ್ಲಿದ್ದು ಬೆರಳುಗಳು ಜಿ ಹಿಡಿದಿದ್ದರೆ ಮೊಳಗುತ್ತಿರುವುದು ಎ. ಗೊತ್ತಿಲ್ಲದ ಹಾಡಿನಲ್ಲಿ ಆ ಕೈಯೇ ನಿಮ್ಮ ಪುಸ್ತಕ. ಬಹುಪಾಲು ಹಾಡುಗಳು ಶ್ರುತಿಯ ಸ್ವರದಿಂದ ಎಣಿಸಿದ ಒಂದು, ನಾಲ್ಕು, ಐದನೆಯ ಕಾರ್ಡ್‌ಗಳಲ್ಲಿಯೇ ಮುಗಿಯುತ್ತವೆ: ಶ್ರುತಿ ಜಿ ಆದರೆ ಜಿ, ಸಿ, ಡಿ, ಎ ಆದರೆ ಎ, ಡಿ, ಇ.

ಕಿವಿಗೂ ಪಾಠ ಬೇಕು. ಈ ಸಂಗೀತಕ್ಕೆ ರೂಪ ಕೊಟ್ಟ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ 1911ರಲ್ಲಿ ಕೆಂಟಕಿಯ ರೋಸಿನ್‌ನಲ್ಲಿ ಹುಟ್ಟಿದವರು. ಬ್ಲೂಗ್ರಾಸ್ ರಾಜ್ಯವೆಂದು ಕರೆಸಿಕೊಳ್ಳುವ ಆ ಕೆಂಟಕಿಯಿಂದಲೇ ತಮ್ಮ ತಂಡಕ್ಕೆ ‘ಬ್ಲೂ ಗ್ರಾಸ್ ಬಾಯ್ಸ್’ ಎಂದು ಹೆಸರಿಟ್ಟರು, ತಂಡದ ಹೆಸರು ಸಂಗೀತಕ್ಕೇ ಅಂಟಿತು. 1945ರ ಕೊನೆಯಲ್ಲಿ ನಾರ್ತ್ ಕ್ಯಾರೊಲಿನಾದ 21 ವರ್ಷದ ಅರ್ಲ್ ಸ್ಕ್ರಗ್ಸ್ ಬ್ಯಾಂಜೊ ಹಿಡಿದು ಆ ತಂಡ ಸೇರಿದರು. ಮೂರು ಬೆರಳಿನಲ್ಲಿ ಮೀಟುವ ಪದ್ಧತಿ ಆ ಸೀಮೆಯಲ್ಲಿ ಮೊದಲೇ ಇತ್ತು, ಸ್ನಫಿ ಜೆಂಕಿನ್ಸ್ ಹಾಗೆ ನುಡಿಸುತ್ತಿದ್ದರು. ಸ್ಕ್ರಗ್ಸ್ ಅದಕ್ಕೆ ಹರಿಯುವ ನೀರಿನ ಓಟ ಕೊಟ್ಟರು. 1946, 47ರಲ್ಲಿ ಈ ತಂಡ ಮಾಡಿದ ಮುದ್ರಿಕೆಗಳನ್ನು ಎರಡು ಸಲ ಕೇಳಿ. ಮೊದಲ ಸಲ ಮನಸ್ಸು ಬ್ಯಾಂಜೊ ಹಿಂದೆ ಓಡುತ್ತದೆ, ಓಡಲಿ. ಎರಡನೆಯ ಸಲ ಬ್ಯಾಂಜೊ ಮುಂದೆ ಬಂದಾಗ ಮನ್ರೋ ಅವರ ಮ್ಯಾಂಡೊಲಿನ್ ಏನು ಮಾಡುತ್ತಿದೆ ಎಂಬುದನ್ನು ಮಾತ್ರ ಹಿಡಿಯಿರಿ. ಅಷ್ಟು ದೊಡ್ಡ ವಾದಕ ತನ್ನ ಸರದಿ ಅಲ್ಲದಾಗ ಮಾಡುವ ಕೆಲಸಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ.

ವಾದ್ಯ ಪೆಟ್ಟಿಗೆಯಿಂದ ತೆಗೆಯುವ ಮೊದಲು ಅದು ಯಾವ ಗುಂಪು ಎಂದು ತಿಳಿದುಕೊಳ್ಳಿ. ವರ್ಜೀನಿಯಾದ ಗೇಲಾಕ್ಸ್‌ನಲ್ಲಿ 1935ರಿಂದ ನಡೆದು ಬಂದಿರುವ ಫಿಡಲ್ (ಪಿಟೀಲು) ವಾದಕರ ಸಮ್ಮೇಳನಕ್ಕೆ ಆಗಸ್ಟ್‌ನಲ್ಲಿ ಹೋದರೆ ಡೇರೆ ಡೇರೆಗೂ ಒಂದು ಗುಂಪು ಕಾಣುತ್ತದೆ, ಎಲ್ಲವೂ ಬ್ಲೂಗ್ರಾಸ್ ಅಲ್ಲ. ಎಲ್ಲರೂ ಸೇರಿ ಒಂದೇ ರಾಗವನ್ನು ಸುತ್ತು ಸುತ್ತಾಗಿ ನುಡಿಸುತ್ತಿದ್ದರೆ, ಬ್ಯಾಂಜೊ ವಾದಕರು ಉಗುರಿನಿಂದ ಕೆಳಮುಖವಾಗಿ ಹೊಡೆಯುತ್ತಿದ್ದರೆ, ಅದು ಓಲ್ಡ್ ಟೈಮ್, ಬ್ಲೂಗ್ರಾಸ್‌ಗಿಂತ ಹಳೆಯ ಪದ್ಧತಿ. ಅಲ್ಲಿ ಗಟ್ಟಿ ಚಾಪ್ ಸಲ್ಲದು. ಒಬ್ಬೊಬ್ಬರಾಗಿ ಮುಂದೆ ಬಂದು ನುಡಿಸಿ ಹಿಂದೆ ಸರಿಯುತ್ತಿದ್ದರೆ ಅದು ಬ್ಲೂಗ್ರಾಸ್.

ಆ ಒಂಟಿ ಸರದಿಯ ಹೆಸರು ಬ್ರೇಕ್. ಹಾಡನ್ನು ಎತ್ತಿಕೊಂಡವರು ನಿಮ್ಮತ್ತ ನೋಡಿ ತಲೆಯಾಡಿಸಿದರೆ ಸರದಿ ನಿಮ್ಮದು. ಬೇಡವೆಂದರೆ ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿ ಪಕ್ಕದವರತ್ತ ನೋಡಿ, ಯಾರೂ ಬೇಸರಿಸುವುದಿಲ್ಲ. ಬೇರೆಯವರ ಬ್ರೇಕ್ ನಡೆಯುವಾಗ ಅವರ ಸ್ವರ ನಿಮಗೆ ಕೇಳಿಸದಿದ್ದರೆ ನೀವು ಜೋರಾಗಿದ್ದೀರಿ ಎಂದರ್ಥ. ನೀವೇ ಬ್ರೇಕ್ ತೆಗೆದುಕೊಂಡ ದಿನ ಚಾಪ್ ನಿಂತುಹೋಗುತ್ತದೆಯಲ್ಲ, ಆಗ ಆ ಪೆಟ್ಟನ್ನು ಬ್ಯಾಂಜೊ ಅಥವಾ ಫಿಡಲ್ ಎತ್ತಿಕೊಳ್ಳುತ್ತದೆ. ಅದನ್ನು ಕೇಳಿಸಿಕೊಳ್ಳುತ್ತಲೇ ನುಡಿಸಿ.

“ನಿನ್ನದೊಂದು ಆಗಲಿ” ಎಂದು ಯಾರಾದರೂ ಕರೆದೇ ಕರೆಯುತ್ತಾರೆ. ಮೂರೇ ಕಾರ್ಡ್‌ಗಳ ಹಾಡನ್ನು ಇಟ್ಟುಕೊಂಡಿರಿ. ಶ್ರುತಿಯನ್ನು ಎಲ್ಲರಿಗೂ ಕೇಳುವಂತೆ ಹೇಳಿ, ವಿಚಿತ್ರ ತಿರುವು ಇದ್ದರೆ ಅದನ್ನೂ ಮೊದಲೇ ಹೇಳಿ, ನಿಮ್ಮ ಕೈಗೆ ಸಲ್ಲುವ ವೇಗದಲ್ಲಿ ಎತ್ತಿಕೊಳ್ಳಿ. ಕೊನೆಯ ಪಲ್ಲವಿ ಬಂದಾಗ ಒಂದು ಪಾದವನ್ನು ನೆಲದಿಂದ ಎತ್ತಿ ತೋರಿಸಿ, ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ.