ಒಂದೇ ಚಮಚ ಕೆಸರಿನಲ್ಲಿ ಕಾಡೂ ಕಡಲೂ

ಹಿಂದೆ ಯಾವ ಕಾಡಿತ್ತು ಎಂದು ತಿಳಿಯಲು ಮರಗಿಡಗಳ ಹಳೆಯ ಪರಾಗ ಹುಡುಕಬೇಕು. ಅದಕ್ಕೆ ಸಮುದ್ರದ ತಳಕ್ಕೇ ಹೋಗಬೇಕಾ, ಕೆರೆಯ ಕೆಸರು ಸಾಲದಾ ಎಂದು ಕೇಳುವವರಿದ್ದಾರೆ. ಕೆರೆಯಲ್ಲಿ ಪರಾಗ ಜಾಸ್ತಿ ಸಿಗುತ್ತದೆ, ನಿಜ. ಆದರೆ ಅಲ್ಲಿ ಕಡಲಿನ ಸುದ್ದಿ ಇರುವುದಿಲ್ಲ. ಕಡಲ ಕೋರ್‌ನಲ್ಲಿ, ಅಂದರೆ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರಿನ ಕಂಬದಲ್ಲಿ, ಒಂದೇ ಸೆಂಟಿಮೀಟರ್ ಒಳಗೆ ನೆಲದ ಗಿಡಗಳ ಪರಾಗವೂ ಇರುತ್ತದೆ, ನೀರಿನಲ್ಲಿ ಬದುಕಿದ್ದ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪೂ ಇರುತ್ತದೆ. ಎರಡು ಬೇರೆ ಜಾಗಗಳ ಕಾಲಮಾನ ಹೊಂದಿಸುವ ತಲೆನೋವು ಇಲ್ಲ. ನಾನು ಈ ಕೆಲಸಕ್ಕೆ ಅಂಟಿಕೊಂಡಿದ್ದೇ ಅದಕ್ಕಾಗಿ.

ಪ್ರತಿ ಮಟ್ಟದ ಮಾದರಿಯನ್ನು ಮೊದಲೇ ಎರಡು ಪಾಲು ಮಾಡುತ್ತೇನೆ. ಒಂದನ್ನು ಉಳಿಸುವ ವಿಧಾನ ಇನ್ನೊಂದನ್ನು ಕೊಲ್ಲುತ್ತದೆ. ಫೊರಾಮಿನಿಫೆರಾ ಚಿಪ್ಪು ಸುಣ್ಣದ್ದು, ಆಮ್ಲ ತಾಗಿದರೆ ಹೋಯಿತು. ಆ ಪಾಲನ್ನು 63 ಮೈಕ್ರಾನ್ ಜರಡಿಯಲ್ಲಿ ಬರೀ ನೀರಿನಿಂದ ತೊಳೆದು ಒಣಗಿಸುತ್ತೇನೆ. ಆಮೇಲೆ ತೇವದ ಬ್ರಷ್ಷಿನಿಂದ ಒಂದೊಂದಾಗಿ ಹೆಕ್ಕುವುದು.

ಪರಾಗದ ಕಥೆ ಉಲ್ಟಾ. ಅದರ ಹೊರಗೋಡೆ ಸ್ಪೋರೊಪೊಲೆನಿನ್ ಎಂಬ ಗಟ್ಟಿ ಸಾವಯವ ವಸ್ತುವಿನದು, ಆಮ್ಲಕ್ಕೆ ಬಗ್ಗುವುದಿಲ್ಲ. ಹೈಡ್ರೋಕ್ಲೋರಿಕ್ ಆಮ್ಲದಿಂದ ಸುಣ್ಣ ತೆಗೆಯುತ್ತೇನೆ, ಹೈಡ್ರೋಫ್ಲೋರಿಕ್‌ನಿಂದ ಮರಳು ಮತ್ತು ಜೇಡಿ. ಈ ಎರಡನೆಯದು ಗಾಜನ್ನೇ ತಿನ್ನುತ್ತದೆ. ಹಾಗಾಗಿ ಎಲ್ಲವೂ ಪ್ಲಾಸ್ಟಿಕ್ ಪಾತ್ರೆಯಲ್ಲಿ, ವಿಷದ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ. ಈ ಆಮ್ಲದ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕೈಗೆಟಕುವಲ್ಲಿ ಇಲ್ಲದಿದ್ದರೆ ನಾನು ಬಾಟಲಿಯ ಮುಚ್ಚಳವನ್ನೂ ತೆಗೆಯುವುದಿಲ್ಲ. ಕೆರೆ ಮಾದರಿಗಳಿಗೆ ಮಾಮೂಲಿಯಾಗಿ ಮಾಡುವ ಅಸಿಟೋಲಿಸಿಸ್ (ಇನ್ನೊಂದು ಬಗೆಯ ಆಮ್ಲದ ತೊಳೆತ) ಇಲ್ಲಿ ಬೇಡ. ಅದು ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳ ಕೆಲವು ನಾಜೂಕಾದ ಸಿಸ್ಟ್‌ಗಳನ್ನು (ರಕ್ಷಣಾ ಕವಚಗಳನ್ನು) ಹಾಳುಮಾಡುತ್ತದೆ. ಅವೂ ಕಡಲಿನ ಸಾಕ್ಷಿಗಳೇ, ಪರಾಗದ ಸ್ಲೈಡಿನಲ್ಲೇ ಪುಕ್ಕಟೆಯಾಗಿ ಸಿಗುತ್ತವೆ.

ಆಮ್ಲ ಹಾಕುವ ಮೊದಲೇ ಲೈಕೊಪೋಡಿಯಂ ಎಂಬ ಹೂವಿಲ್ಲದ ಗಿಡದ ಬೀಜಾಣುಗಳ ಮಾತ್ರೆ ಹಾಕಿರುತ್ತೇನೆ. ಒಂದು ಮಾತ್ರೆಯಲ್ಲಿ ಎಷ್ಟು ಬೀಜಾಣು ಇವೆ ಎಂಬುದು ಗೊತ್ತು. ತೊಳೆಯುವಾಗ ಪರಾಗ ಎಷ್ಟು ಕಳೆದುಹೋದರೂ ಇವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಹೋಗುತ್ತವೆ. ಸ್ಲೈಡಿನಲ್ಲಿ ಎರಡನ್ನೂ ಎಣಿಸಿದರೆ ಮೂಲ ಕೆಸರಿನಲ್ಲಿ ಪರಾಗ ಎಷ್ಟಿತ್ತು ಎಂದು ಲೆಕ್ಕ ಸಿಗುತ್ತದೆ.

ಇಷ್ಟೂ ಕೈಕೆಲಸ, ಕಲಿತರೆ ಬರುತ್ತದೆ. ನಿಜವಾದ ಕಷ್ಟ ಬೇರೆ. ಸ್ಲೈಡಿನಲ್ಲಿ ಕಂಡ ಕಣ ಯಾವ ಗಿಡದ್ದು ಎಂಬುದಕ್ಕಿಂತ, ಅದು ಇಲ್ಲಿಗೆ ಹೇಗೆ ಬಂತು ಎಂದು ಕೇಳುವುದರಲ್ಲೇ ನನ್ನ ಹೊತ್ತು ಹೆಚ್ಚು ಹೋಗುತ್ತದೆ. ಪೈನ್ ಪರಾಗವನ್ನೇ ನೋಡಿ. ಅದಕ್ಕೆ ಎರಡು ಗಾಳಿಚೀಲ. ಚೆನ್ನಾಗಿ ಹಾರುತ್ತದೆ, ಚೆನ್ನಾಗಿ ತೇಲುತ್ತದೆ. ತೀರದಿಂದ ದೂರ ಹೋದಷ್ಟೂ ಬೇರೆ ಪರಾಗ ಕಡಿಮೆಯಾಗಿ ಇದರ ಪಾಲು ಏರುತ್ತದೆ. ಸುಮ್ನೆ ಶೇಕಡಾವಾರು ನೋಡಿದರೆ ಪೈನ್ ಕಾಡು ಹಬ್ಬಿತು ಅನ್ನಿಸುತ್ತದೆ. ಸಮುದ್ರಮಟ್ಟ ಏರಿ ತೀರ ಹಿಂದೆ ಸರಿದಿದ್ದರೂ ಅದೇ ಚಿತ್ರ ಬರುತ್ತದೆ ಅಲ್ವಾ? ಅದಕ್ಕೇ ಪೈನನ್ನು ಒಟ್ಟು ಮೊತ್ತದಿಂದ ಹೊರಗಿಟ್ಟು, ಉಳಿದವುಗಳಲ್ಲಿ 300 ಕಣ ಸಿಗುವ ತನಕ ಎಣಿಸುತ್ತೇನೆ. ದೊಡ್ಡ ನದಿ ಸೇರುವಲ್ಲಿ ಪರಾಗ ಬಹುಪಾಲು ನೀರಿನ ಜೊತೆ ಬರುತ್ತದೆ, ಆ ನದಿಯ ಜಲಾನಯನದ ಕಥೆ ಹೇಳುತ್ತದೆ. ವಾಯುವ್ಯ ಆಫ್ರಿಕಾದ ಆಚೆ ತರುವುದು ಮುಖ್ಯವಾಗಿ ಗಾಳಿ. ಅಲ್ಲಿ ಪರಾಗ ಹೆಚ್ಚಾದರೆ ಗಿಡ ಹೆಚ್ಚಾಯಿತೋ, ಗಾಳಿ ಜೋರಾಯಿತೋ ಎಂದು ಬಿಡಿಸಬೇಕು.

ಇದನ್ನೆಲ್ಲ ದಾಟಿದ ಮೇಲೆ ಎರಡು ಪಾಲನ್ನು ಅಕ್ಕಪಕ್ಕ ಇಡುವುದೇ ಖುಷಿ. ಪೋರ್ಚುಗಲ್ ತೀರದಾಚೆಯ ಕೋರ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಕಳೆದ ಹಿಮಯುಗದ ಕೆಲವು ಪದರಗಳಲ್ಲಿ, ತೇಲಿಬಂದ ಹಿಮಬಂಡೆಗಳು ಉದುರಿಸಿದ ಕಲ್ಲುಚೂರು ಸಿಗುತ್ತದೆ. ಅಲ್ಲೇ ತಣ್ಣೀರಿನ ಫೊರಾಮಿನಿಫೆರಾ ನಿಯೋಗ್ಲೋಬೊಕ್ವಾಡ್ರಿನಾ ಪ್ಯಾಕಿಡರ್ಮಾ ಹೆಚ್ಚುತ್ತದೆ. ಕಾಡುಮರಗಳ ಪರಾಗ ಕುಸಿದು ಆರ್ಟಿಮೀಸಿಯಾದಂಥ ಒಣಬಯಲಿನ ಗಿಡಗಳದ್ದು ಏರುತ್ತದೆ. ಕಡಲು ತಣ್ಣಗಾದಾಗ ಪಕ್ಕದ ನೆಲ ಒಣಗಿದ್ದು ಹೀಗೆ ಒಂದೇ ಪದರದಲ್ಲಿ ಸಿಕ್ಕಿಬೀಳುತ್ತದೆ.

ಯಾವುದು ಮೊದಲು ಎಂದು ಹೇಳುವಾಗ ಮಾತ್ರ ನಾನು ಜಿಪುಣ. ತಳದ ಹುಳುಗಳು ಕೆಸರನ್ನು ಮೇಲೆಕೆಳಗೆ ಮಾಡಿರುತ್ತವೆ. ಕೆಸರು ನಿಧಾನವಾಗಿ ಕೂತ ಜಾಗದಲ್ಲಿ ಕೆಲವೇ ಸೆಂಟಿಮೀಟರ್ ಕಲೆತರೂ ನೂರಾರು, ಸಾವಿರಾರು ವರ್ಷ ಬೆರೆತುಹೋಗುತ್ತವೆ. ನಕ್ಷೆಯಲ್ಲಿ ಪರಾಗದ ಗೆರೆ ಮತ್ತು ಫೊರಾಮಿನಿಫೆರಾ ಗೆರೆ ಬದಲಾಗುವ ಮಟ್ಟಗಳ ನಡುವಿನ ಅಂತರ ಆ ಬೆರಕೆಗಿಂತ ದೊಡ್ಡದಿಲ್ಲದಿದ್ದರೆ, ಒಟ್ಟಿಗೇ ಆಯಿತು ಎಂದಷ್ಟೇ ಬರೆಯುತ್ತೇನೆ.